ಹಂಚಿನ ಮನೆಯ ಅಟ್ಟಕ್ಕೆ ರಾಕ್‌ವೂಲ್: ಸೆಕೆಗಿಂತ ನೀರಿನದೇ ದೊಡ್ಡ ಕೆಲಸ

ಕುಮಟಾ ಕಡೆಯ ಹಂಚಿನ ಮನೆ. ಚಿರೆಕಲ್ಲಿನ ಗೋಡೆ, ಎರಡು ಮಲಗುವ ಕೋಣೆಗಳ ಮೇಲೆ ಹಲಗೆಯ ಅಟ್ಟ, ಅದರ ಮೇಲೆ ಮಂಗಳೂರು ಹಂಚಿನ ಮಾಡು. ಏಪ್ರಿಲ್-ಮೇ ತಿಂಗಳಲ್ಲಿ ಕಾದ ಹಂಚು ಸಂಜೆಯವರೆಗೂ ಅಟ್ಟಕ್ಕೆ ಶಾಖ ಬಿಡುತ್ತಲೇ ಇರುತ್ತದೆ, ಇಂಚು ದಪ್ಪದ ಹಲಗೆ ಅದನ್ನು ಹಾಗೇ ಕೆಳಗೆ ದಾಟಿಸುತ್ತದೆ. ಒಂದು ಕೋಣೆಗೆ ಎಸಿ ಹಾಕಿಸಿಯೂ ಆಗಿತ್ತು. ಮಧ್ಯಾಹ್ನದ ಹೊತ್ತು ಅದರ ಕಂಪ್ರೆಸರ್ ನಿಂತದ್ದೇ ಇಲ್ಲ. ಅಟ್ಟದ ನೆಲಕ್ಕೆ ಶಾಖ ತಡೆಯುವ ಪದರ, ಅಂದರೆ ಇನ್ಸುಲೇಶನ್, ಹಾಸಬೇಕೆಂದು ಹೊರಟು, ಒಂದು ಮಳೆಗಾಲ ಬರೀ ನೋಡುವುದರಲ್ಲಿ, ಒಂದು ಬೇಸಿಗೆ ಕೆಲಸದಲ್ಲಿ, ಮತ್ತೊಂದು ಮಳೆಗಾಲ ಪರೀಕ್ಷೆಯಲ್ಲಿ ಕಳೆಯಿತು. ಕರಾವಳಿಯಲ್ಲೋ ಶಿರಸಿ ಕಡೆಯಲ್ಲೋ ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಲಿ ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲು ಯೂಟ್ಯೂಬ್ ವಿಷಯ. ಅಟ್ಟಕ್ಕೆ ಇನ್ಸುಲೇಶನ್ ಹಾಸುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕ, ಕೆನಡಾ, ಇಂಗ್ಲೆಂಡ್ ಕಡೆಯವು. ಅಲ್ಲಿ ಹೊರಗೆ ಹಿಮ, ಒಳಗೆ ಹೀಟರ್. ಬೆಚ್ಚಗಿನ ಕೋಣೆಯ ಹಬೆ ಮೇಲೇರಿ ತಣ್ಣನೆಯ ಅಟ್ಟದಲ್ಲಿ ನೀರಾಗುತ್ತದೆ. ಅದಕ್ಕೇ ಅವರು ಹಬೆ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಕೋಣೆಯ ಬದಿಗೆ, ಅಂದರೆ ಇನ್ಸುಲೇಶನ್ನಿನ ತಳಕ್ಕೆ ಹಾಕುತ್ತಾರೆ. ನಮ್ಮಲ್ಲಿ ತೇವದ ಗಾಳಿ ಇರುವುದು ಹೊರಗೆ, ತಂಪು ಇರುವುದು ಎಸಿ ಕೋಣೆಯ ಒಳಗೆ. ಹಬೆ ಮೇಲಿನಿಂದ ಕೆಳಕ್ಕೆ ಬರುತ್ತದೆ. ತಳಕ್ಕೆ ಪ್ಲಾಸ್ಟಿಕ್ ಹಾಸಿದರೆ ಬಂದ ಹಬೆ ಆ ತಣ್ಣನೆಯ ಹಾಳೆಯ ಮೇಲೆಯೇ ನೀರಾಗಿ ನಿಲ್ಲುತ್ತದೆ. ಹುಬ್ಬಳ್ಳಿಯ ಅಂಗಡಿಯವರೂ ಫೋನಿನಲ್ಲಿ "ಸರ್, ಕೆಳಗೊಂದು ಪಾಲಿಥಿನ್ ಹಾಸಿಬಿಡ್ರಿ, ಸೇಫ್ ಇರ್ತೈತಿ" ಎಂದರು. ಹಾಸಬೇಡಿ.

ಲೆಕ್ಕ ಹೀಗಿದೆ. ಜುಲೈಯಲ್ಲಿ ಅಟ್ಟದ ಗಾಳಿ 28 ಡಿಗ್ರಿ, ತೇವಾಂಶ ಶೇ. 90 ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತು ಸಿಕ್ಕಿದರೂ ಆ ಗಾಳಿ ಅದರ ಮೇಲೆ ನೀರು ಬಿಡುತ್ತದೆ, ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿ ಬೆವರುವ ಹಾಗೆ. 2020ರಿಂದ ನಮ್ಮ ದೇಶದಲ್ಲಿ ಮಾರುವ ಮನೆಬಳಕೆಯ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ಇನ್ಸುಲೇಶನ್ ಇಲ್ಲದಿದ್ದಾಗ ಹಲಗೆಗೆ ಮೇಲಿನ ಬಿಸಿ ತಾಗಿ ಅದು ಅಷ್ಟು ತಣ್ಣಗಾಗುವುದಿಲ್ಲ. ಮೇಲೆ ನಾಲ್ಕಿಂಚು ರಾಕ್‌ವೂಲ್ (ಕಲ್ಲಿನ ನೂಲಿನ ಚಪ್ಪಡಿ) ಬಿದ್ದ ಮೇಲೆ ಹಲಗೆ ಹೆಚ್ಚುಕಡಿಮೆ ಕೋಣೆಯಷ್ಟೇ ತಂಪಾಗುತ್ತದೆ. ಸೆಕೆ ತಡೆಯುವ ಕೆಲಸವೇ ಹಲಗೆಯನ್ನು ಬೆವರುವ ಸ್ಥಿತಿಗೆ ತರುತ್ತದೆ. ಇದನ್ನು ಯೋಚಿಸದೆ ಹಾಸಿದ ಅಟ್ಟಗಳಲ್ಲಿ ಎರಡು ಮಳೆಗಾಲದೊಳಗೆ ಮುಗ್ಗಲು ವಾಸನೆ, ಹಲಗೆಯ ಸಂದಿನಲ್ಲಿ ಕಪ್ಪು ಬೂಷ್ಟು, ಆಮೇಲೆ ಒರಲೆ.

ಹಾಗಾಗಿ ಸಾಮಾನು ತರುವ ಮೊದಲು ಒಂದು ಮಳೆಗಾಲ ಪೂರ್ತಿ ಅಟ್ಟವನ್ನು ನೋಡಿದೆವು. ಇದಕ್ಕೆ ಬೇಕಾದವು ಎರಡೇ ಸಲಕರಣೆ: ತಾಪಮಾನ-ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್, ಮತ್ತು ಮರಕ್ಕೆ ಎರಡು ಮುಳ್ಳು ಚುಚ್ಚಿ ತೇವ ಅಳೆಯುವ ಮೀಟರ್. ಎರಡೂ ಆನ್‌ಲೈನಿನಲ್ಲಿ ಸಿಗುತ್ತವೆ, ಸೇರಿ ₹2,000ದ ಆಸುಪಾಸು. ಮರದ ತೇವ ಶೇ. 20ರ ಒಳಗಿದ್ದರೆ ಕೊಳೆಯುವ ಭಯ ಕಡಿಮೆ. ಅದನ್ನು ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಹಿಡಿದೇ ಹಿಡಿಯುತ್ತದೆ. ಸೋರುವ ಜಾಗಗಳಿಗೆ ಸೀಮೆಸುಣ್ಣದ ಗುರುತು ನಿಲ್ಲುವುದಿಲ್ಲ, ತೊಳೆದು ಹೋಗುತ್ತದೆ. ಆಯಿಲ್ ಪೇಂಟಿನಲ್ಲಿ ಪಕಾಸಿನ (ಮಾಡಿನ ಇಳಿಜಾರು ತೊಲೆಯ) ಮೇಲೆ ನಂಬರು ಬರೆದು, ಅದೇ ನಂಬರು ಹಾಕಿದ ನಕ್ಷೆಯನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ಜನವರಿಯಲ್ಲಿ ಹಂಚು ಬಿಚ್ಚುವ ಹೊತ್ತಿಗೆ ಎಲ್ಲಿ ಸೋರುತ್ತಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ನೋಡುತ್ತ ಹೋದಂತೆ ನೀರು ಮೂರು ದಾರಿಯಿಂದ ಬರುತ್ತಿದೆ ಎಂದು ಗೊತ್ತಾಯಿತು. ಒಂದು, ಹಂಚಿನಿಂದ ಸೋರಿದ್ದು. ಇದರಲ್ಲಿ ಒಡೆದ ಹಂಚು ಕಡಿಮೆ, ಮಂಗ ಸರಿಸಿದ ಹಂಚು ಜಾಸ್ತಿ. ನೈಋತ್ಯದಿಂದ ಬೀಸುವ ಗಾಳಿಗೆ ಹಂಚಿನ ಸಂದಿನಿಂದ ಒಳಗೆ ಸಿಂಪಡಿಸಿದಂತೆ ಬರುವ ನೀರೂ ಇದೆ. ಎರಡು, ಮನೆಯೊಳಗಿನ ಹಬೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಬಾಯಿ ಸೀದಾ ಅಟ್ಟಕ್ಕೆ ತೆರೆದಿತ್ತು, ಅಡಿಗೆಮನೆಯ ಚಿಮಣಿಯ ಪೈಪೂ ಅಟ್ಟದಲ್ಲೇ ಮುಗಿದಿತ್ತು. ಹೊರಗೆ ತೂತು ಕೊರೆಯುವುದು ತಪ್ಪಲಿ ಎಂದು ಹೀಗೆ ಬಿಟ್ಟ ಮನೆಗಳು ನಮ್ಮ ಕಡೆ ಬಹಳ. ಮೂರು, ಮಳೆಗಾಲದ ಗಾಳಿಯೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಅದನ್ನು ತಡೆಯಲು ಆಗುವುದಿಲ್ಲ, ತಡೆದುಕೊಳ್ಳುವ ಸಾಮಾನು ಆರಿಸಬೇಕು ಅಷ್ಟೆ. ಹಿಂದೆ ಕಟ್ಟಿಗೆ ಒಲೆಯ ಹೊಗೆ, ಹಂಡೆಯ ಒಲೆಯ ಬಿಸಿ ಅಟ್ಟವನ್ನು ಮಳೆಗಾಲದಲ್ಲೂ ಒಣಗಿಸುತ್ತಿತ್ತು, ಹುಳವನ್ನೂ ದೂರ ಇಡುತ್ತಿತ್ತು. ಗ್ಯಾಸ್, ಗೀಸರ್ ಬಂದ ಮೇಲೆ ಆ ಉಪಕಾರ ನಿಂತಿದೆ. ಹಳೆಯವರ ಅಟ್ಟ ಹಾಗೇ ಉಳಿದಿತ್ತಲ್ಲ ಎಂದು ವಾದಿಸುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು.

ಸಾಮಾನಿನ ಆಯ್ಕೆಗೆ ಬಹಳ ಜನರ ಸಲಹೆ ಬಂತು. ಭತ್ತದ ಹೊಟ್ಟು, ತೆಂಗಿನ ನಾರು, ಒಣಹುಲ್ಲು ಶಾಖ ತಡೆಯುತ್ತವೆ, ಸರಿ, ಆದರೆ ನಾಲ್ಕು ತಿಂಗಳು ತೇವದಲ್ಲಿದ್ದರೆ ಬೂಷ್ಟಿಗೂ ಒರಲೆಗೂ ಇಲಿಗೂ ಊಟ. ಥರ್ಮೋಕೋಲ್ ಅಗ್ಗ, ನೀರು ಕುಡಿಯುವುದಿಲ್ಲ. ಆದರೆ ಇಲಿ ಮತ್ತು ಕಟ್ಟಿರುವೆ ಅದರೊಳಗೆ ಸುರಂಗ ಮಾಡುತ್ತವೆ, ಬೆಂಕಿ ಹತ್ತಿದರೆ ಕರಗಿ ಉರಿಯುತ್ತದೆ. ಇನ್ನೊಂದು ದೋಷ ಹೆಚ್ಚಿನವರಿಗೆ ಗೊತ್ತಿಲ್ಲ: ಥರ್ಮೋಕೋಲ್ ತಾಗಿಕೊಂಡ ಪಿವಿಸಿ ವೈರಿನ ಹೊದಿಕೆ ತನ್ನ ಮೃದುತ್ವ ಕಳೆದುಕೊಂಡು ಕಾಲಾಂತರದಲ್ಲಿ ಬಿರಿಯುತ್ತದೆ. ಹಳೆ ಮನೆಯ ಅಟ್ಟದಲ್ಲಿ ವೈರು ಎಲ್ಲೆಲ್ಲಿ ಓಡಿದೆ ಎಂದು ಹೇಳುವವರು ಯಾರು? ಕೊನೆಗೆ ಉಳಿದದ್ದು ರಾಕ್‌ವೂಲ್. ಕಲ್ಲು ಕರಗಿಸಿ ಎಳೆದ ನೂಲು ಅದು. ಉರಿಯುವುದಿಲ್ಲ, ಒರಲೆಗೆ ತಿನ್ನಲು ಏನೂ ಇಲ್ಲ, ಹಬೆ ಒಳಹೊಕ್ಕು ಹೊರಬರುತ್ತದೆ. ತೋಯಿಸಿ ಬಿಟ್ಟರೆ ಮಾತ್ರ ನೀರು ಹಿಡಿದಿಟ್ಟುಕೊಳ್ಳುತ್ತದೆ, ಆಗ ಶಾಖ ತಡೆಯುವ ಗುಣವೂ ಹೋಗುತ್ತದೆ. ಆದ್ದರಿಂದ ಮಾಡು ಸರಿಯಾಗದೆ ಅದನ್ನು ಅಟ್ಟಕ್ಕೆ ಹತ್ತಿಸಲೇಬಾರದು.

ಹಲಗೆಯ ಮೇಲೆ ಹಳೆಯ ಮಣ್ಣಿನ ಪದರ ಗಟ್ಟಿಯಾಗಿರುವ ಮನೆಯವರು ಅದನ್ನು ಕಿತ್ತು ಹಾಕುವ ಆತುರ ಮಾಡಬೇಡಿ. ಮಣ್ಣು ತೇವವನ್ನು ಹೀರಿ ನಿಧಾನಕ್ಕೆ ಬಿಡುತ್ತದೆ, ಹಲಗೆಯ ಸಂದನ್ನೂ ಮುಚ್ಚಿರುತ್ತದೆ. ನೇರ ಅದರ ಮೇಲೆಯೇ ಹಾಸಬಹುದು. ಭಾರದ ಚಿಂತೆ ಬೇಡ. ಎರಡಿಂಚು ಮಣ್ಣು ಚದರ ಮೀಟರಿಗೆ 80 ಕೆ.ಜಿ. ಮೇಲೆಯೇ ತೂಗುತ್ತದೆ, ನಾಲ್ಕಿಂಚು ರಾಕ್‌ವೂಲ್ ಐದು ಕೆ.ಜಿ.ಯೂ ಇಲ್ಲ.

ಕೋಣೆ ಒಂದು 12×14 ಅಡಿ, ಇನ್ನೊಂದು 12×10. ಒಟ್ಟು 288 ಚದರಡಿ, ಸುಮಾರು 27 ಚದರ ಮೀಟರ್. ರಾಕ್‌ವೂಲ್ ಚಪ್ಪಡಿ ಒಂದು ಮೀಟರ್ ಉದ್ದ, 600 ಮಿ.ಮೀ. ಅಗಲ, 50 ಮಿ.ಮೀ. ದಪ್ಪ, ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯದು. ಒಂದು ಪದರಕ್ಕೆ 45 ಚಪ್ಪಡಿ, ಎರಡು ಪದರಕ್ಕೆ 90, ಕತ್ತರಿಸಿ ಹಾಳಾಗುವುದು ಸೇರಿ 96. ಆರರ ಕಟ್ಟಿನಲ್ಲಿ 16 ಕಟ್ಟು. ಇದರಲ್ಲಿ ಎಸಿ ಕೋಣೆಯ ಮೇಲಿನ ಪದರಕ್ಕೆಂದು ಐದು ಕಟ್ಟು ಒಂದು ಮುಖಕ್ಕೆ ಅಲ್ಯುಮಿನಿಯಂ ಫಾಯಿಲ್ ಅಂಟಿಸಿದ್ದು, ಉಳಿದ ಹನ್ನೊಂದು ಬರಿಯದು. 100 ಮಿ.ಮೀ. ಯಾಕೆಂದರೆ, ಬರೀ ಹಲಗೆ ಇದ್ದಾಗ ಇಳಿಯುತ್ತಿದ್ದ ಶಾಖ ಅಷ್ಟಕ್ಕೇ ಸುಮಾರು ಏಳರಲ್ಲಿ ಒಂದು ಪಾಲಿಗೆ ಬರುತ್ತದೆ. ಅದರ ಮೇಲೆ ಇನ್ನೆರಡಿಂಚು ಹಾಕಿದರೆ ಖರ್ಚು ಏರಿದಷ್ಟು ಗುಣ ಏರುವುದಿಲ್ಲ.

ಕುಮಟಾದಲ್ಲಾಗಲಿ ಶಿರಸಿಯಲ್ಲಾಗಲಿ ಇಷ್ಟು ಸಣ್ಣ ಆರ್ಡರ್‌ಗೆ ರಾಕ್‌ವೂಲ್ ಅಂಗಡಿಯಲ್ಲಿ ಇಟ್ಟುಕೊಂಡಿರುವುದಿಲ್ಲ. ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಅಲ್ಲಿಯವರಿಗೆ ಇದು ಬಾಯ್ಲರ್, ಕೋಲ್ಡ್ ಸ್ಟೋರೇಜ್ ಸಾಮಾನು, ಮನೆಗೆ ಕೇಳುವವರು ಅಪರೂಪ. ಬೇರೆಯವರ ದೊಡ್ಡ ಲೋಡಿನ ಜೊತೆ ಹಾಕಿಕೊಡುತ್ತೇವೆ ಎಂದು ಕಾಯಿಸಿದರು, ಆ ಲೋಡು ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾರಿಯಲ್ಲಿ ಬಂತು. ಬಿಲ್ಲಿನ ಜೊತೆಗೆ ತಯಾರಕರ ಪರೀಕ್ಷಾ ವರದಿ ಕೇಳಿ, ಅದರಲ್ಲಿ ಐಎಸ್ 8183 (ಇದಕ್ಕಿರುವ ಭಾರತೀಯ ಮಾನಕದ ಸಂಖ್ಯೆ) ಎಂದಿರಬೇಕು, ಸಾಂದ್ರತೆ ಬರೆದಿರಬೇಕು. ಕಾಗದಕ್ಕಿಂತ ತಕ್ಕಡಿ ನಂಬಿಕಸ್ಥ. ಈ ಅಳತೆಯ ಒಂದು ಚಪ್ಪಡಿ 48ರದಾದರೆ 1.4 ಕೆ.ಜಿ. ತೂಗಬೇಕು, ಒಂದು ಕೆ.ಜಿ.ಯೂ ಬರದಿದ್ದರೆ ಅದು 32ರದು. ಲಾರಿ ಆಫೀಸಿನಲ್ಲಿ ಇಳಿಸಿಕೊಳ್ಳುವಾಗಲೇ ತೂಗಿ. ಒದ್ದೆಯಾದ ಕಟ್ಟು ಕಂಡರೆ ರಶೀದಿಯ ಮೇಲೆ ಬರೆಸಿ ಅಲ್ಲೇ ವಾಪಸ್ ಮಾಡಿ, ಮನೆಗೆ ತಂದ ಮೇಲೆ ಯಾರೂ ಒಪ್ಪುವುದಿಲ್ಲ. ಮರದ ವಿಷಯದಲ್ಲೂ ಕಾಗದ ಬೇಕು: ಸಾಮಿಲ್ಲಿನಿಂದ ರೀಪು (ಹಂಚು ಕೂರುವ ಅಡ್ಡಪಟ್ಟಿ), ಹಲಗೆ ತರುವಾಗ ಬಿಲ್ಲು ಮತ್ತು ಸಾಗಾಟದ ಪಾಸು ಕೇಳಿ ಇಸಿದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ದಾರಿ ಮಧ್ಯೆ ಅರಣ್ಯ ಇಲಾಖೆಯವರು ನಿಲ್ಲಿಸಿ ಕೇಳುವುದು ಹೊಸತಲ್ಲ.

ದೀಪಾವಳಿ ಕಳೆದ ಮೇಲೆ ಗಾಳಿ ಒಣಗುತ್ತದೆ, ಆದರೆ ಮರ ಅದರ ಹಿಂದೆ ನಿಧಾನಕ್ಕೆ ಬರುತ್ತದೆ. ಅಟ್ಟದ ಸಾಮಾನೆಲ್ಲ ಕೆಳಗಿಳಿಸಿ, ಹಲಗೆ ಗುಡಿಸಿ, ಕಿಟಕಿ ಬಾಗಿಲು ತೆರೆದಿಟ್ಟರೂ ಅಕ್ಟೋಬರಿನಲ್ಲಿ ಶೇ. 18 ತೋರಿಸುತ್ತಿದ್ದ ಮೀಟರ್ 14ಕ್ಕೆ ಇಳಿಯಲು ಜನವರಿ ಬರಬೇಕಾಯಿತು. ಈ ಕಾಯುವಿಕೆ ಬೇಸರದ್ದು, ಅಟ್ಟದ ಹಳೆ ಪಾತ್ರೆ, ತೊಟ್ಟಿಲು, ಚಾಪೆ ಎಲ್ಲ ಜಗಲಿಯಲ್ಲಿ ಕಾಲಿಗೆ ತೊಡರುತ್ತಿರುತ್ತವೆ. ಆದರೂ ಶೇ. 16ರ ಒಳಗೆ ಬರುವ ಮೊದಲು ಮೇಲೆ ಏನನ್ನೂ ಹಾಸಬೇಡಿ. ಒದ್ದೆ ಹಲಗೆಯನ್ನು ಮುಚ್ಚಿದರೆ ಆ ನೀರಿಗೆ ಹೋಗಲು ದಾರಿಯಿಲ್ಲ.

ಜನವರಿಯಲ್ಲಿ ಮಾಡಿನ ಕೆಲಸ. ಎರಡು ಕೋಣೆಗಳ ಮೇಲಿನ ಹಂಚು ಇಳಿಸಿ, ಕೊಳೆತ ರೀಪು ತೆಗೆದು, ಪಕಾಸಿನ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿದರು. ಸೂರಿನ ಬದಿಯ ತುದಿಗಳೇ ಮೊದಲು ಹೋಗುವುದು. ಇಲ್ಲಿ ಒಂದು ತೊಡಕು ಬಂತು. ಹಳೆಯ ಹಂಚಿನ ಅಳತೆ ಈಗಿನದಕ್ಕೆ ಹೊಂದುವುದಿಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಹಂಚಿನ ಕಾರ್ಖಾನೆಗಳು ಬೇಕಾದಷ್ಟು ಎದ್ದವು, ಒಬ್ಬೊಬ್ಬರ ಅಚ್ಚು ಒಂದೊಂದು. ನೋಡಲು ಒಂದೇ, ಕೂರಿಸಿದರೆ ಕಚ್ಚಿಕೊಳ್ಳುವುದಿಲ್ಲ, ಆ ಸಂದಿನಲ್ಲೇ ಸೋರುತ್ತದೆ. ಹೊಸ ಹಂಚನ್ನು ಅಲ್ಲಲ್ಲಿ ಸೇರಿಸುವ ಬದಲು, ಉಳಿದ ಹಳೆ ಹಂಚನ್ನೆಲ್ಲ ಒಂದು ಬದಿಯ ಇಳಿಜಾರಿಗೆ ಒಟ್ಟುಮಾಡಿ, ಇನ್ನೊಂದು ಬದಿಗೆ ಪೂರ್ತಿ ಒಂದೇ ಅಚ್ಚಿನ ಹಂಚು ಹೊದೆಸಿದರೆ ಸಮಸ್ಯೆ ಮುಗಿಯುತ್ತದೆ. ಚದರ ಮೀಟರಿಗೆ 15 ಹಂಚು ಹಿಡಿದು ಲೆಕ್ಕ ಹಾಕಿ, ನೂರಕ್ಕೆ ಹತ್ತು ಹೆಚ್ಚು ತರಿಸಿ. ಹಂಚು ಹೊದೆಸುವವರು ಏಪ್ರಿಲ್-ಮೇನಲ್ಲಿ ಕೈಗೆ ಸಿಗುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ.

ಹಂಚಿನ ಅಡಿಗೆ ಫಾಯಿಲ್ ಹಾಳೆ ಹಾಕಿಸಿದೆವು. ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚು ತಪ್ಪು ಇಲ್ಲೇ ಆಗುವುದು. ನಮ್ಮ ಕಡೆ ತಾಡಪಾಲನ್ನು ಪಕಾಸಿನ ಮೇಲೆ ಎಳೆದು, ಅದರ ಮೇಲೆ ರೀಪು ಹೊಡೆದು ಹಂಚು ಕೂರಿಸಿಬಿಡುತ್ತಾರೆ. ಹಂಚಿನಡಿ ಇಳಿದ ನೀರು ಪ್ರತಿ ರೀಪಿನ ಮೇಲ್ಬದಿಯಲ್ಲಿ ಕಟ್ಟಿನಿಂತು, ಮೂರು ನಾಲ್ಕು ವರ್ಷದಲ್ಲಿ ರೀಪು ಮೆತ್ತಗಾಗುತ್ತದೆ. ಸರಿಯಾದ ಕ್ರಮ ಹೀಗೆ: ಪಕಾಸಿನ ಮೇಲೆ ಹಾಳೆ, ಹೊಳೆಯುವ ಮುಖ ಕೆಳಗೆ. ಹಾಳೆಯ ಮೇಲೆ ಪ್ರತಿ ಪಕಾಸಿನ ಉದ್ದಕ್ಕೂ ಮೇಲಿನಿಂದ ಕೆಳಗೆ ಒಂದಿಂಚು ದಪ್ಪದ ಪಟ್ಟಿ, ಆ ಪಟ್ಟಿಗಳ ಮೇಲೆ ಅಡ್ಡಲಾಗಿ ರೀಪು, ಆಮೇಲೆ ಹಂಚು. ಆಗ ಹಾಳೆಗೂ ರೀಪಿಗೂ ನಡುವೆ ಒಂದಿಂಚು ಸಂದು ಉಳಿದು ನೀರು ಸೂರಿನ ತನಕ ಹರಿದುಹೋಗುತ್ತದೆ, ಗಾಳಿಯೂ ಆಡುತ್ತದೆ. ಹಾಳೆಯನ್ನು ಕೆಳಗಿನಿಂದ ಹಾಸುತ್ತ ಹೋಗಿ, ಮೇಲಿನದು ಕೆಳಗಿನದರ ಮೇಲೆ ಆರಿಂಚು ಬರಬೇಕು. ಸೂರಿನಲ್ಲಿ ಗೋಡೆಯಿಂದ ಆಚೆ ಚಾಚಿರಬೇಕು. ನೆತ್ತಿಯಲ್ಲಿ ಎರಡೂ ಬದಿ ಎರಡೆರಡಿಂಚು ಬಿಟ್ಟು ನಿಲ್ಲಿಸಬೇಕು, ಬಿಸಿಗಾಳಿ ಹೋಗುವುದು ಅಲ್ಲಿಂದಲೇ. ಹೊಳೆಯುವ ಮುಖ ಕೆಳಗೆ ಯಾಕೆಂದರೆ ಮೇಲ್ಮುಖ ಮಾಡಿದರೆ ಒಂದೆರಡು ವರ್ಷದಲ್ಲಿ ಧೂಳು ಕೂತು ಹೊಳಪು ಸಾಯುತ್ತದೆ. ಕೆಳಮುಖದ ಫಾಯಿಲ್, ಹಂಚಿನ ಬಿಸಿ ತಗುಲಿದರೂ ಆ ಶಾಖವನ್ನು ಅಟ್ಟಕ್ಕೆ ಬಹಳ ಕಡಿಮೆ ಬಿಡುತ್ತದೆ.

ಫಾಯಿಲ್ ಲೋಹ, ಕರೆಂಟು ಹರಿಯುತ್ತದೆ. ಅಟ್ಟದಲ್ಲಿ ಪಿನ್ ಹೊಡೆಯುವ, ಮೊಳೆ ಬಡಿಯುವ ಹೊತ್ತಿಗೆ ಮೇನ್ ಸ್ವಿಚ್ ಆರಿಸಿರಲೇಬೇಕು. ಆಸ್ಟ್ರೇಲಿಯಾದಲ್ಲಿ 2009-10ರಲ್ಲಿ ಸರಕಾರ ಮನೆಮನೆಗೆ ಇನ್ಸುಲೇಶನ್ ಹಾಕಿಸುವ ಯೋಜನೆ ತಂದಾಗ ನಾಲ್ವರು ಯುವ ಕೆಲಸಗಾರರು ಸತ್ತರು. ಮೂವರು ಕರೆಂಟು ಹೊಡೆದು, ಒಬ್ಬ ಅಟ್ಟದ ಸೆಕೆ ತಾಳದೆ. ಆಮೇಲೆ ಆ ಯೋಜನೆಯೇ ನಿಂತಿತು. ನಮ್ಮ ಅಟ್ಟವೂ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಹತ್ತರ ಒಳಗೆ ಕೆಲಸ ಮುಗಿಸಿ ಇಳಿಯುವುದು ಒಳ್ಳೆಯದು. ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ ಹಲಗೆಯಿಂದ ಎತ್ತಿ, ಪೈಪಿನೊಳಗೆ ಹಾಕಿಸಿ, ರಾಕ್‌ವೂಲಿನ ಮೇಲ್ಭಾಗದಲ್ಲಿ ಓಡಿಸಿದೆವು. ಇನ್ಸುಲೇಶನ್ನಿನ ಅಡಿಯಲ್ಲಿ ಹೂತ ವೈರಿಗೆ ತನ್ನ ಬಿಸಿ ಬಿಡಲು ಜಾಗವಿಲ್ಲ. ಎಸಿ, ಗೀಸರಿನ ಲೈನಿನಲ್ಲಿ ಇದು ಅಪಾಯ. ಜಂಕ್ಷನ್ ಬಾಕ್ಸ್ ಯಾವುದೂ ಮುಚ್ಚಿಹೋಗಬಾರದು.

ಬಚ್ಚಲಿನ ಎಕ್ಸಾಸ್ಟನ್ನೂ ಚಿಮಣಿಯನ್ನೂ ಪೈಪ್ ಹಾಕಿ ಗೋಡೆಯಾಚೆ ಬಿಟ್ಟೆವು. ಪೈಪು ಹೊರಬದಿಗೆ ತುಸು ಇಳಿಜಾರಾಗಿರಲಿ, ಒಳಗೆ ಕಟ್ಟಿದ ನೀರು ಫ್ಯಾನಿನ ಮೇಲೆ ತೊಟ್ಟಿಕ್ಕಬಾರದು.

ಮರಕ್ಕೆ ಔಷಧಿ ಕೊಡುವ ಹೊತ್ತು ಇದೇ. ಬೋರಿಕ್ ಆಸಿಡ್ ಒಂದು ಪಾಲು, ಬಿಳಿಗಾರ (ಬೊರಾಕ್ಸ್) ಒಂದೂವರೆ ಪಾಲು. ಹತ್ತು ಲೀಟರ್ ಬಿಸಿನೀರಿಗೆ 240 ಗ್ರಾಂ ಮತ್ತು 360 ಗ್ರಾಂ ಕರಗಿಸಿ, ಬ್ರಷ್ಷಿನಲ್ಲಿ ಎರಡು ಕೈ. ಒಣ ಮರ ಇದನ್ನು ಕುಡಿಯುತ್ತದೆ, ಒದ್ದೆ ಮರ ಕುಡಿಯುವುದಿಲ್ಲ. ಆಚಾರಿಯವರು ಮೊದಲೇ ಎಚ್ಚರಿಸಿದ್ದರು: "ಭಟ್ರೆ, ಗೇರೆಣ್ಣೆ ಬಳಿದ ಮರಕ್ಕೆ ನೀರು ಔಷಧಿ ಹತ್ತೂದಿಲ್ಲ." ನಿಜ, ಗೇರುಬೀಜದ ಸಿಪ್ಪೆಯ ಆ ಎಣ್ಣೆ ಬಳಿದಿದ್ದ ಹಲಗೆಯ ಒಂದು ಭಾಗದಲ್ಲಿ ದ್ರಾವಣ ಮಣಿಮಣಿಯಾಗಿ ನಿಂತಿತು. ಅಲ್ಲಿ ಕೀಸುಳಿ ಹಾಕಿ ಮೇಲ್ಪದರ ತೆಗೆದು ಬಳಿದರು. ಮಳೆ ತಾಗುವ ಜಾಗದಲ್ಲಿ ಬೋರಿಕ್ ತೊಳೆದು ಹೋಗುತ್ತದೆ, ಹಾಗಾಗಿ ಸೂರಿನ ತುದಿಗಳಿಗೆ ಗೇರೆಣ್ಣೆಯೇ ಸರಿ, ಒಳಗಿನದಕ್ಕೆ ಬೋರಿಕ್. ಹಲಗೆಯ ತಳಕ್ಕೆ, ಅಂದರೆ ಕೋಣೆಯಿಂದ ಕಾಣುವ ಮುಖಕ್ಕೆ, ಹೊಳೆಯುವ ಎನಾಮೆಲ್ ಬಳಿಯಬೇಡಿ. ಅದು ತಳಕ್ಕೆ ಪ್ಲಾಸ್ಟಿಕ್ ಹಾಸಿದ್ದಕ್ಕೆ ಸಮ.

ಹಾಸುವ ಮೊದಲು ಸಂದು ಮುಚ್ಚುವ ಕೆಲಸ. ತೇವ ಹಬೆಯಾಗಿ ಮರದ ಮೂಲಕ ದಾಟುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಾಳಿಯ ಜೊತೆ ತೂತುಗಳಿಂದ ದಾಟುತ್ತದೆ. ಫ್ಯಾನಿನ ಕೊಕ್ಕೆಯ ತೂತು, ವೈರ್ ಇಳಿದ ತೂತು, ಗೋಡೆಗೂ ಹಲಗೆಗೂ ನಡುವಿನ ಬಿರುಕು, ಹಲಗೆ ಹಲಗೆಯ ನಡುವೆ ಬೆರಳು ಹೋಗುವ ಸಂದು. ದೊಡ್ಡದಕ್ಕೆ ಮರದ ಪಟ್ಟಿ, ಸಣ್ಣದಕ್ಕೆ ಆಕ್ರಿಲಿಕ್ ಸೀಲಂಟ್. ರಾತ್ರಿ ಕೋಣೆಯ ದೀಪ ಹಾಕಿ ಅಟ್ಟದ ಕತ್ತಲಲ್ಲಿ ನಿಂತು ನೋಡಿದರೆ ಉಳಿದ ತೂತುಗಳೆಲ್ಲ ತಾವೇ ತೋರುತ್ತವೆ. ಏಣಿ ಹತ್ತುವ ಬಾಯಿಗೆ ಮರೆಯದೆ ಮುಚ್ಚಳ ಮಾಡಿಸಿ, ಅಂಚಿಗೆ ರಬ್ಬರ್ ಪಟ್ಟಿ, ಬೆನ್ನಿಗೆ ರಾಕ್‌ವೂಲ್.

ಹಾಸುವುದು ಕೊನೆಗೆ ಹಗುರವಾದ ಕೆಲಸ. ಉದ್ದ ತೋಳಿನ ಅಂಗಿ, ಕೈಗವಸು, ಕನ್ನಡಕ, ಎನ್95 ಮಾಸ್ಕ್ ಬೇಕು. ನೂಲು ಚರ್ಮಕ್ಕೆ ತಾಗಿದರೆ ತುರಿಸುತ್ತದೆ, ಉಜ್ಜದೆ ತಣ್ಣೀರಿನಲ್ಲಿ ತೊಳೆದುಕೊಳ್ಳಿ. ಹಲಗೆಯ ಮೇಲೆ ಮೊದಲು ಕೈಚೀಲಕ್ಕೆ ಬಳಸುವಂಥ ತೆಳ್ಳನೆಯ ನಾನ್‌ವೋವನ್ ಬಟ್ಟೆ. ಅದು ನೂಲು ಕೋಣೆಗೆ ಉದುರದಂತೆ ತಡೆಯುತ್ತದೆ, ಹಬೆಯನ್ನು ತಡೆಯುವುದಿಲ್ಲ. ಚಪ್ಪಡಿಗಳನ್ನು ಒತ್ತಿ ಒಂದಕ್ಕೊಂದು ಕೂಡಿಸಿ. ಎರಡನೆಯ ಪದರದ ಸೇರುವೆ ಮೊದಲನೆಯದರ ಸೇರುವೆಯ ಮೇಲೆ ಬರಬಾರದು. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಕತ್ತರಿಸಲು ಸಾಕು. ಎಸಿ ಕೋಣೆಯ ಮೇಲೆ ಎರಡನೆಯ ಪದರ ಫಾಯಿಲ್ ಮುಖ ಮೇಲಾಗಿ, ಸೇರುವೆಗಳಿಗೆಲ್ಲ ಅಲ್ಯುಮಿನಿಯಂ ಟೇಪ್, ಗೋಡೆಯ ಅಂಚಿಗೂ ಟೇಪ್. ಇದು ಮೇಲಿನ ತೇವದ ಗಾಳಿ ತಣ್ಣನೆಯ ಹಲಗೆಗೆ ಮುಟ್ಟದಂತೆ ತಡೆಯುವ ಪದರ. ಎಸಿ ಇಲ್ಲದ ಕೋಣೆಯ ಮೇಲೆ ಯಾವ ಫಾಯಿಲ್ಲೂ ಬೇಡ, ಎರಡೂ ಬದಿಗೆ ಒಣಗಲು ಬಿಡಿ. ಸೂರಿನ ಬದಿ ಗಾಳಿ ಬರುವ ಸಂದಿಗೆ ಚಪ್ಪಡಿ ತಾಗದಂತೆ ಎರಡಿಂಚು ಬಿಡಬೇಕು.

ಅಟ್ಟದಲ್ಲಿ ಓಡಾಡಲು ಐದಿಂಚು ಎತ್ತರದ ಕಟ್ಟಿಗೆ ಕಾಲಿನ ಮೇಲೆ ಎರಡು ಹಲಗೆ ಅಗಲದ ದಾರಿ ಮಾಡಿಸಿ. ರಾಕ್‌ವೂಲ್ ಮೇಲೆ ಕಾಲಿಟ್ಟರೆ ಅಪ್ಪಚ್ಚಿಯಾಗುತ್ತದೆ, ಫಾಯಿಲ್ ಹರಿಯುತ್ತದೆ. ಚಾಲಿ ಅಡಿಕೆ ಮೂಟೆ ಇಡುವ ಅಟ್ಟವಾದರೆ ಮೂಟೆಯ ಜಾಗವನ್ನು ಹಾಸದೆ ಬೇರೆಯೇ ಬಿಡುವುದು ಲೇಸು.

ಗಾಳಿಯ ದಾರಿ ಎಷ್ಟಿರಬೇಕು? ಅಟ್ಟದ ನೆಲದ 150ರಲ್ಲಿ ಒಂದು ಪಾಲು ಎಂಬುದು ಚಾಲ್ತಿಯಲ್ಲಿರುವ ಅಳತೆ. 288 ಚದರಡಿಗೆ ಸುಮಾರು ಎರಡು ಚದರಡಿ, ಅರ್ಧ ಸೂರಿನ ಬದಿ, ಅರ್ಧ ನೆತ್ತಿಯ ಬದಿ. ತ್ರಿಕೋನದ ಗೋಡೆಯಲ್ಲಿ ಕಂಡಿ ಬಿಡುವುದಾದರೆ ಪೂರ್ವಕ್ಕೆ ಬಿಡಿ, ಪಶ್ಚಿಮಕ್ಕೆ ಬಿಟ್ಟರೆ ಜೂನಿನಲ್ಲಿ ಮಳೆಯೇ ಒಳಗೆ ಬರುತ್ತದೆ. ಎಲ್ಲ ಕಂಡಿಗೂ ಆರು ಮಿ.ಮೀ. ಕಣ್ಣಿನ ಜಿಐ ಜಾಲರಿ. ಸೊಳ್ಳೆಪರದೆಯ ಜಾಲರಿ ಧೂಳಿನಿಂದ ಕಟ್ಟಿಕೊಳ್ಳುತ್ತದೆ, ಅದಕ್ಕಿಂತ ದೊಡ್ಡದಾದರೆ ಇಲಿಮರಿ ನುಗ್ಗುತ್ತದೆ. ಕಬ್ಬೆಕ್ಕಂತೂ ಮೆತ್ತಗಿನ ರಾಕ್‌ವೂಲ್ ಕಂಡರೆ ಸಂಸಾರ ಹೂಡುತ್ತದೆ, ನೆತ್ತಿಯ ಸಂದಿಗೂ ಜಾಲರಿ ತಪ್ಪಿಸಬೇಡಿ.

ಬೇಸಿಗೆಯಲ್ಲಿ ಗುಣ ಕಂಡಿತು. ಮಧ್ಯಾಹ್ನ ಮೂರಕ್ಕೆ ಹಲಗೆಯ ತಳ ಮೊದಲು 38 ಡಿಗ್ರಿ ಮುಟ್ಟುತ್ತಿದ್ದದ್ದು ಈಗ 32-33ರಲ್ಲಿ ನಿಲ್ಲುತ್ತದೆ, ಎಸಿ ಬಿಟ್ಟುಬಿಟ್ಟು ಓಡುತ್ತದೆ. ಪಶ್ಚಿಮದ ಚಿರೆಕಲ್ಲಿನ ಗೋಡೆ ಮಾತ್ರ ಸಂಜೆ ಬಿಸಿ ಬಿಡುತ್ತಲೇ ಇರುತ್ತದೆ, ಅಟ್ಟಕ್ಕೆ ಏನು ಹಾಸಿದರೂ ಅದಕ್ಕೆ ಪರಿಹಾರವಿಲ್ಲ. ಕತ್ತಲಾದ ಮೇಲೆ ಕಿಟಕಿ ತೆರೆಯದಿದ್ದರೆ ಆ ಬಿಸಿ ಮೇಲಕ್ಕೂ ಹೋಗಲಾರದೆ ಒಳಗೇ ಉಳಿಯುತ್ತದೆ.

ಆತಂಕ ಇದ್ದದ್ದು ಮಳೆಗಾಲದ್ದು. ಪ್ರತಿ ಕೋಣೆಯ ಮೇಲೆ ಒಂದು ಚಪ್ಪಡಿಯನ್ನು ಎತ್ತಿ ನೋಡಲೆಂದೇ ಬಿಟ್ಟಿದ್ದೆವು, ಅದರಡಿಯ ಹಲಗೆಗೆ ಮೀಟರ್ ಚುಚ್ಚುವುದು. ಎಸಿಯನ್ನು 26-27ರಿಂದ ಕೆಳಗೆ ಇಳಿಸಲಿಲ್ಲ. ಅಷ್ಟಿದ್ದರೆ ಹಲಗೆ ಬೆವರುವ ಮಟ್ಟಕ್ಕೆ ತಣ್ಣಗಾಗುವುದಿಲ್ಲ, ಫ್ಯಾನ್ ಜೊತೆಗಿದ್ದರೆ ಮಲಗಲು ಸಾಕು. ಜುಲೈ ಕೊನೆಗೆ ಎಸಿ ಇಲ್ಲದ ಕೋಣೆಯ ಹಲಗೆ ಶೇ. 18, ಎಸಿ ಕೋಣೆಯದು 17 ತೋರಿಸಿತು. ಒಂದು ಮೂಲೆಯಲ್ಲಿ ಮಾತ್ರ 23. ಮೇಲೆ ನೋಡಿದರೆ ಮಂಗ ಸರಿಸಿದ ಹಂಚು, ಹಾಳೆಯ ಸೇರುವೆಯಲ್ಲಿ ನೀರು ಒಳಗೆ. ಆ ಜಾಗದ ಚಪ್ಪಡಿ ಎತ್ತಿದಾಗ ಕೈಗೆ ಭಾರ ಬಂತು, ತಳದಿಂದ ನೀರು ಇಳಿಯುತ್ತಿತ್ತು. ಅದನ್ನು ಜಗಲಿಯಲ್ಲಿ ನಿಲ್ಲಿಸಿಟ್ಟು, ಹಂಚು ಸರಿಪಡಿಸಿ, ಹಲಗೆಯನ್ನು ತೆರೆದೇ ಬಿಟ್ಟೆವು. ಹಲಗೆ 17ಕ್ಕೆ ಇಳಿದ ಮೇಲೆ ಚಪ್ಪಡಿ ಮತ್ತೆ ಮೇಲೆ ಹೋಯಿತು. ಎತ್ತಿ ನೋಡುವ ವ್ಯವಸ್ಥೆ ಇಲ್ಲದಿದ್ದರೆ ಇದು ದೀಪಾವಳಿಯವರೆಗೂ ಗೊತ್ತಾಗುತ್ತಿರಲಿಲ್ಲ.

ಖರ್ಚು: ರಾಕ್‌ವೂಲ್, ಟೇಪ್, ಬಟ್ಟೆ, ಸಾಗಾಟ ಸೇರಿ ₹18,000ದ ಆಸುಪಾಸು. ಹಂಚು, ರೀಪು, ಫಾಯಿಲ್ ಹಾಳೆ, ವೈರಿಂಗ್, ಆಚಾರಿ ಮತ್ತು ಆಳುಗಳ ಕೂಲಿ ಸೇರಿ ಅದರ ಎರಡೂವರೆ ಪಟ್ಟು. ಹಣ ಕಡಿಮೆ ಇದ್ದರೆ ಮೊದಲ ವರ್ಷ ಮಾಡು, ಎಕ್ಸಾಸ್ಟ್ ಮತ್ತು ಸಂದು ಮುಚ್ಚುವುದು, ಎರಡನೆಯ ವರ್ಷ ರಾಕ್‌ವೂಲ್. ತಿರುಗಿಸಿ ಮಾಡಬೇಡಿ.

ಹಂಚು ತೆಗೆದು ತಗಡಿನ ಶೀಟ್ ಹಾಕಿಸಿದವರಿಗೆ ಒಂದು ಮಾತು ಬೇರೆ. ಡಿಸೆಂಬರ್-ಜನವರಿಯ ಶುಭ್ರ ಆಕಾಶದ ರಾತ್ರಿ ಶೀಟು ಗಾಳಿಗಿಂತ ತಣ್ಣಗಾಗಿ, ಬೆಳಗಿನ ಜಾವ ಅದರ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ. ಶಿರಸಿ, ಸಿದ್ದಾಪುರದ ಕಡೆ ಚಳಿ ಹೆಚ್ಚು, ತೊಟ್ಟಿಕ್ಕುವುದೂ ಹೆಚ್ಚು. ಅಂಥ ಮನೆಯಲ್ಲಿ ಅಟ್ಟದ ನೆಲಕ್ಕೆ ಹಾಸಿದ್ದೆಲ್ಲ ಮಳೆಯಿಲ್ಲದ ಕಾಲದಲ್ಲೂ ಒದ್ದೆಯಾಗುತ್ತದೆ. ಮೊದಲು ಶೀಟಿನ ಒಳಮೈಗೆ ಇನ್ಸುಲೇಶನ್ ಅಂಟಿಸಿಕೊಳ್ಳಬೇಕು, ಇಲ್ಲವೇ ಶೀಟಿನಡಿಗೆ ಇಳಿಜಾರಾಗಿ ಒಂದು ಹಾಳೆ ಕಟ್ಟಿ ಆ ನೀರನ್ನು ಸೂರಿಗೆ ಬಿಡಬೇಕು. ಅದಾದ ಮೇಲೆಯೇ ಅಟ್ಟದ ನೆಲ.